ಬಂಗುಡೆಗೆ ಮಿಸೊ

ಒಸಾಕಾ

ಅತ್ತಿಗೆಗೆ ನಮಸ್ಕಾರ.

ಕಳಿಸಿದ ಮಿಸೊ ಪೊಟ್ಟಣ ತೀರ್ಥಹಳ್ಳಿ ಮುಟ್ಟಿತು ಅಂತ ಅಣ್ಣ ಹೇಳಿದ. ಒಡೆದ ಮೇಲೆ ಫ್ರಿಜ್ಜಲ್ಲೇ ಇಡಿ. ಸೋಯಾಕಾಳನ್ನ ಉಪ್ಪು ಹಾಕಿ ಹುಳಿ ಬರಿಸಿದ ಮುದ್ದೆ ಅದು. ಅಡುಗೆಗೆ ಬೇರೆ ಉಪ್ಪು ಬೇಡ.

ಇದರಲ್ಲಿ ಇಲ್ಲಿಯವರ ಥರ ಮೀನು ಬೇಯಿಸೋದು ಹೇಗೆ ಅಂತ ಬರೀತೀನಿ. ಮೀನು ಬಂಗುಡೆಯೇ ಆಗಲಿ. ಇಲ್ಲಿಯ ಸಾಬಾ ಅದರ ಬಳಗದ್ದೇ, ಕೊಬ್ಬು ಮಾತ್ರ ಜಾಸ್ತಿ. ಮಲ್ಪೆಯಿಂದ ಆಗುಂಬೆ ಘಾಟಿ ಹತ್ತಿ ಬರೋ ಹೊತ್ತಿಗೆ ಐಸ್ ಕರಗಿ ಮೀನು ಬೆಚ್ಚಗಾಗಿದ್ದರೆ ತಗೊಳ್ಳಲೇಬೇಡಿ. ಅಂಥ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನೋ ನಂಜು ಸೇರಿಕೊಳ್ಳುತ್ತೆ, ಎಷ್ಟು ಬೇಯಿಸಿದರೂ ಹೋಗಲ್ಲ. ತಿಂದವರಿಗೆ ಮುಖ ಕೆಂಪಾಗಿ ಮೈ ತುರಿಸುತ್ತೆ.

ನಮ್ಮ ಸಾರಲ್ಲಿ ಹುಳಿ, ಖಾರ ಮೀನಿನ ವಾಸನೆ ಮುಚ್ಚುತ್ತವೆ. ಈ ಅಡುಗೆಯಲ್ಲಿ ಮಸಾಲೆಯೇ ಇಲ್ಲ, ಹಾಗಾಗಿ ವಾಸನೆಯನ್ನ ಮೊದಲೇ ತೆಗೀಬೇಕು. ಅಡುಗೆಯ ಅರ್ಧ ಕೆಲಸ ಅದೇ. ಅರ್ಧ ಕೆಜಿ ಮೀನಿಗೆ ಎರಡು ಟೀ ಚಮಚ ಪುಡಿ ಉಪ್ಪು ಸವರಿ 20 ನಿಮಿಷ ಬಿಡಿ. ಮೈಮೇಲೆ ಹನಿಹನಿಯಾಗಿ ನೀರು ಏಳುತ್ತೆ. ವಾಸನೆ ಇರೋದು ಆ ನೀರಲ್ಲೇ, ತೊಳೆದು ಚೆಲ್ಲಿ. ಆಮೇಲೆ ಕುದಿದ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿ ಮೀನಿನ ಮೇಲೆ ಹೊಯ್ಯಿರಿ. ಕೊತಕೊತ ಕುದಿಯೋದನ್ನೇ ಹೊಯ್ದರೆ ತೊಗಲು ಹರಿಯುತ್ತೆ. ಮೈ ಬೆಳ್ಳಗಾದ ಕೂಡಲೇ ತಣ್ಣೀರಿಗೆ ಹಾಕಿ, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಬೆನ್ನುಮೂಳೆಗೆ ಅಂಟಿದ ರಕ್ತವನ್ನೂ ಹೆಬ್ಬೆರಳಲ್ಲಿ ಉಜ್ಜಿ. ಈ ರಕ್ತ ಉಳಿದರೆ ಪಟ್ಟ ಪಾಡೆಲ್ಲ ವ್ಯರ್ಥ. ತೊಗಲ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಗೀರು ಹಾಕಿ, ಇಲ್ಲದಿದ್ದರೆ ಬೇಯುವಾಗ ಮುದುರಿ ಸಿಡಿಯುತ್ತೆ.

ಅಗಲ ಬಾಣಲೆಯಲ್ಲಿ 250 ಮಿಲಿ ನೀರು, ಒಂದಿಂಚು ಶುಂಠಿಯ ಬಿಲ್ಲೆಗಳು, ಎರಡು ದೊಡ್ಡ ಚಮಚ ಸಕ್ಕರೆ. ಇಲ್ಲಿಯವರು ‘ಸಾಕೆ’ ಅನ್ನೋ ಅಕ್ಕಿ ಮದ್ಯ ಸ್ವಲ್ಪ ಹಾಕ್ತಾರೆ, ಅದಿಲ್ಲದಿದ್ದರೆ ಶುಂಠಿ ಇನ್ನಷ್ಟು ಸೇರಿಸಿ. ಸಕ್ಕರೆ ನಿಧಾನಕ್ಕೆ ಹಿಡಿಯೋದು, ಅದಕ್ಕೇ ಉಪ್ಪಿನದಕ್ಕಿಂತ ಮೊದಲು. ನೀರು ಕುದಿ ಬಂದ ಮೇಲೇ ಮೀನು ಬಿಡಿ, ತೊಗಲು ಮೇಲಾಗಿ, ಒಂದೇ ಸಾಲಲ್ಲಿ. ಮೂರು ದೊಡ್ಡ ಚಮಚ ಮಿಸೊದಲ್ಲಿ ಅರ್ಧದಷ್ಟನ್ನ ಬಾಣಲೆಯ ನೀರಲ್ಲೇ ಕದಡಿ ಹಾಕಿ. ಬಾಡಿಸಿದ ಬಾಳೆಎಲೆಯನ್ನ ಬಾಣಲೆಗಿಂತ ಚಿಕ್ಕದಾಗಿ ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಮೀನಿನ ಮೇಲೇ ಮುಚ್ಚಿ. ಕುದಿ ಎಲೆಗೆ ತಾಗಿ ಹೊರಳೋದರಿಂದ ಮೇಲ್ಭಾಗಕ್ಕೂ ರಸ ಹಿಡಿಯುತ್ತೆ. ಮಗುಚಬೇಡಿ, ಪುಡಿಯಾಗುತ್ತೆ. ಸಣ್ಣ ಉರಿಯಲ್ಲಿ ಎಂಟು ನಿಮಿಷ ಸಾಕು. ಬಂಗುಡೆ ಬೇಗ ಬಿರುಸಾಗುತ್ತೆ. ಉಳಿದ ಮಿಸೊ ಕೊನೆಗೆ, ಹೆಚ್ಚು ಕುದಿಸಿದರೆ ಘಮ ಹೋಗಿ ತಳ ಹಿಡಿಯುತ್ತೆ. ರಸ ಸೌಟಿಗೆ ಅಂಟುವಷ್ಟಾದಾಗ ಇಳಿಸಿ. ಕುಚ್ಚಲಕ್ಕಿ ಅನ್ನಕ್ಕೆ ಬಹಳ ಚೆನ್ನಾಗಿರುತ್ತೆ.

ಜೂನ್ 1ರಿಂದ ಜುಲೈ 31ರವರೆಗೆ ಕಡಲಲ್ಲಿ ಮೀನು ಹಿಡಿಯೋ ಯಂತ್ರದ ದೋಣಿಗಳಿಗೆ ರಜೆ. ಆಗ ಕಾಟ್ಲಾ ತುಂಡುಗಳಿಗೆ ಇದೇ ಕ್ರಮ, ಆದರೆ ಕೆಸರು ವಾಸನೆಗೆ ತೊಳೆಯುವಾಗ ಗಜನಿಂಬೆ ಹಿಂಡಿ. ಮಕ್ಕಳು ಸುಶಿ ಬೇಕು ಅಂತ ಹಟ ಮಾಡಿದರೂ ಹೊಳೆ ಮೀನನ್ನ ಹಸಿಯಾಗಿ ಕೊಡಬೇಡಿ. ಅದರಲ್ಲಿರೋ ಹುಳ ನಿಂಬೆರಸಕ್ಕೆ ಸಾಯಲ್ಲ.

ಮಿಸೊ ಮುಗಿಯುತ್ತಾ ಬಂದಾಗ ತಿಳಿಸಿ, ಮತ್ತೆ ಕಳಿಸ್ತೀನಿ.

ಇಂತಿ,
ನಿಮ್ಮ ಮೈದುನ