ಮೊದಲು ನಮ್ಮ ಹುಡುಗರ ಕೆಲಸ ನೋಡಿ

ಮಾನ್ಯ ಸಂಪಾದಕರೇ,

ಕೈಕೆಲಸ, ತಾಂತ್ರಿಕ ಕೆಲಸಗಳಲ್ಲಿ ಎಲ್ಲ ದೇಶಗಳ ಯುವಕರು ಪೈಪೋಟಿ ನಡೆಸುವ ವಿಶ್ವ ಕೌಶಲ ಸ್ಪರ್ಧೆಯನ್ನು (ವರ್ಲ್ಡ್‌ಸ್ಕಿಲ್ಸ್) ಬೆಳಗಾವಿಗೆ ತರುವ ಬಗ್ಗೆ ಮೊನ್ನೆ ನಡೆದ ಸಭೆಗೆ ‘ಭಾರಿ ಸ್ಪಂದನೆ’ ಸಿಕ್ಕಿತು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಆ ಸಭೆಯಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಾನೂ ಕೂತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ನನ್ನದು ಲೋಹ ಕಡೆಯುವ ಮೂರು ಲೇಥ್‌ಗಳ ಸಣ್ಣ ವರ್ಕ್‌ಶಾಪ್. ಐಟಿಐ ಮಾಡಿದ ಹುಡುಗರನ್ನು ಕರೆದುಕೊಂಡು ಬನ್ನಿ ಎಂದು ಫೋನ್ ಬಂದಿತ್ತು. ಇಬ್ಬರನ್ನು ಕರೆದುಕೊಂಡು ಹೋದೆ. ಅವತ್ತು ಎರಡು ಮಷೀನ್ ನಿಂತವು. ಸಂಜೆ ಕೊಡಬೇಕಿದ್ದ ಬುಷ್‌ಗಳು ಮರುದಿನ ಹೋದವು, ಗಿರಾಕಿಯಿಂದ ಬೈಸಿಕೊಂಡೆ. ಹತ್ತು ಗಂಟೆಯ ಸಭೆಗೆ ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಬಂದ ಮೇಲೆ ಹಾರ, ಶಾಲು, ಮತ್ತೆ ಹಾರ. ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ ಎಣಿಸಿದೆ. ಕೈಗೆ ಎಣ್ಣೆ ಮೆತ್ತಿಕೊಂಡು ದುಡಿದವರು ಒಬ್ಬರೂ ಅಲ್ಲಿರಲಿಲ್ಲ.

ನನ್ನ ಜೊತೆ ಬಂದ ಹುಡುಗರಲ್ಲಿ ಒಬ್ಬ ಖಾನಾಪುರ ಕಡೆಯವನು, ಇಪ್ಪತ್ತು ವರ್ಷ. ಸಭೆಯಲ್ಲಿ ತೋರಿಸಬೇಕೆಂದು ಒಂದು ಡವ್‌ಟೇಲ್ ಫಿಟ್ಟಿಂಗ್ ಮಾಡಿದ್ದ. ಎರಡು ತುಂಡು ಎಂ.ಎಸ್. (ಮೆದು ಉಕ್ಕಿನ) ಪ್ಲೇಟನ್ನು ಅರದಿಂದ ಉಜ್ಜಿ ಉಜ್ಜಿ ಒಂದರೊಳಗೊಂದು ಕೂರಿಸಿದ್ದು. ಡ್ಯೂಟಿ ಮುಗಿದ ಮೇಲೆ ನಾಲ್ಕು ರಾತ್ರಿ, ತುಂಡನ್ನು ಬಿಗಿದು ಹಿಡಿಯುವ ವೈಸ್ ಮುಂದೆ ನಿಂತಿದ್ದಾನೆ. ಸೇರಿಸಿ ಟ್ಯೂಬ್‌ಲೈಟಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಲ್ಲ. ತಿರುಗಿಸಿ ಹಾಕಿದರೂ ಹಾಗೇ ಕೂರುತ್ತದೆ. ಅದನ್ನು ಕಾಟನ್ ವೇಸ್ಟ್‌ನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. “ಮಾಲಕರ, ಇದನ್ನ ಯಾರಿಗೆ ತೋರಸೂದ್ರಿ?” ಎಂದು ಮೂರು ಸಲ ಕೇಳಿದ. ಕೊನೆಗೆ ನಾನೇ ಒಬ್ಬ ಅಧಿಕಾರಿಯ ಹತ್ತಿರ ಕರೆದುಕೊಂಡು ಹೋದೆ. ಅವರು ಕೈಯಲ್ಲಿ ತೂಗಿ ನೋಡಿ, “ಚೆನ್ನಾಗಿದೆ, ಊಟ ಮಾಡ್ಕೊಂಡು ಹೋಗಿ” ಎಂದರು. ಬಿಚ್ಚಿ ಕೂಡ ನೋಡಲಿಲ್ಲ. ಹುಡುಗ ಊಟ ಮಾಡಲಿಲ್ಲ.

ಎರಡೇ ವರ್ಷದಲ್ಲಿ ಸ್ಪರ್ಧೆ ಇಲ್ಲಿಗೆ ಬರುತ್ತದೆ ಎಂದು ಒಬ್ಬರು ಮೈಕಿನಲ್ಲಿ ಹೇಳಿಬಿಟ್ಟರು. ಸ್ವಲ್ಪ ಓದಿಕೊಂಡು ಬರಬಾರದೇ? ಈ ಸ್ಪರ್ಧೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2026ಕ್ಕೆ ಶಾಂಘೈ, 2028ಕ್ಕೆ ಜಪಾನಿನ ಐಚಿ ಎಂದು ಆಗಲೇ ನಿಗದಿಯಾಗಿದೆ. 2024ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ 59 ಕೌಶಲಗಳಲ್ಲಿ ಸುಮಾರು 1,400 ಹುಡುಗ ಹುಡುಗಿಯರು ಸ್ಪರ್ಧಿಸಿದರು. ಭಾರತಕ್ಕೆ ನಾಲ್ಕು ಕಂಚು ಬಂತು. ಹೆಚ್ಚಿನ ಕೌಶಲಗಳಿಗೆ ವಯಸ್ಸಿನ ಮಿತಿ 22. ಅಂದರೆ ನಮ್ಮ ಊರಿನ ಸರದಿ ಬರುವ ಹೊತ್ತಿಗೆ ಆ ಖಾನಾಪುರದ ಹುಡುಗನ ವಯಸ್ಸು ದಾಟಿರುತ್ತದೆ. ಅವನಿಗೆ ಬೇಕಿರುವುದು ಈಗ ತರಬೇತಿ, ಈಗ ಒಂದು ಒಳ್ಳೆಯ ಮಷೀನ್, ಈಗ ಜಿಲ್ಲೆಯಲ್ಲೊಂದು ಸರಿಯಾದ ಸ್ಪರ್ಧೆ. ಅದರ ಬಗ್ಗೆ ವೇದಿಕೆಯಿಂದ ಒಂದು ಮಾತೂ ಬರಲಿಲ್ಲ.

ಬೆಳಗಾವಿಗೆ ಯೋಗ್ಯತೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸ್ಪರ್ಧೆ ಇಲ್ಲಿಗೆ ಬಂದರೆ ಎಲ್ಲರಿಗಿಂತ ಜಾಸ್ತಿ ಖುಷಿ ಪಡುವವನು ನಾನೇ. ನಮ್ಮ ಫೌಂಡ್ರಿಗಳ ಎರಕ ದೇಶದ ಎಲ್ಲ ಕಡೆ ಹೋಗುತ್ತದೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುತ್ತಾರೆ. 1998ರಿಂದ ಇಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇದೆ. ಶಹಾಪುರ, ವಡಗಾವಿಯ ನೇಕಾರರ ಕೈ ನೋಡಿದವರಿಗೆ ಕೌಶಲ ಅಂದರೇನು ಎಂದು ಬೇರೆ ಹೇಳಬೇಕಿಲ್ಲ. 2011ರಲ್ಲಿ ವಿಶ್ವ ಕನ್ನಡ ಸಮ್ಮೇಳನವನ್ನೇ ನಡೆಸಿದ ಊರು ಇದು.

ಆದರೆ ಉದ್ಯಮಬಾಗದ ಒಳರಸ್ತೆಯಲ್ಲಿ ಒಮ್ಮೆ ಬಂದು ನೋಡಿ. ಮಳೆಗಾಲದಲ್ಲಿ ಕಾಸ್ಟಿಂಗ್ ತರುವ ಟೆಂಪೋ ಗುಂಡಿಯಲ್ಲಿ ಕೂತರೆ ನಾವೇ ಇಳಿದು ತಳ್ಳಬೇಕು. ಅಧಿವೇಶನ ಬಂತೆಂದರೆ ಸುವರ್ಣಸೌಧದ ಕಡೆ ಡಾಂಬರು ಬೀಳುತ್ತದೆ, ನಮ್ಮ ಕಡೆ ಬೀಳಲ್ಲ. ಪಕ್ಕದ ಫೌಂಡ್ರಿಯವರ ಪಾಡು ಇನ್ನೂ ಕಷ್ಟ. ಭಟ್ಟಿಯಲ್ಲಿ ಕಬ್ಬಿಣ ಕರಗಿರುವಾಗ ಕರೆಂಟ್ ಹೋಗಿ ತಡವಾದರೆ ಅದು ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಒಡೆದು ತೆಗೆಯಬೇಕು. ಕರೆಂಟಿಗೆ, ರಸ್ತೆಗೆ, ಚರಂಡಿಗೆ ಕೊಟ್ಟ ಅರ್ಜಿಗಳ ಕಟ್ಟು ನನ್ನ ಕಪಾಟಿನಲ್ಲಿದೆ. ಯಾವಾಗ ಹೋದರೂ ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’. ನಮ್ಮ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷೀನಿಗೆ ಹೊದಿಸಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ, ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಕಲಿಸುವವರನ್ನೇ ನೇಮಿಸಿಲ್ಲವಂತೆ. ಮಕ್ಕಳು ಆ ಮಷೀನನ್ನು ಕಿಟಕಿಯಿಂದ ನೋಡಿ ಪರೀಕ್ಷೆ ಬರೆಯುತ್ತಾರೆ.

ಸಂಬಂಧಪಟ್ಟವರು ಇದನ್ನು ಗಮನಿಸಬೇಕು. ರಸ್ತೆ, ಕರೆಂಟ್ ಸರಿ ಮಾಡಬೇಕು. ಆ ಮಷೀನಿನ ಪ್ಲಾಸ್ಟಿಕ್ ತೆಗೆಸಬೇಕು. ಸ್ಪರ್ಧೆಯನ್ನೂ ತರಬೇಕು, ಬಿಡಬಾರದು. ಇನ್ನೊಂದು ಸಭೆ ಮಾಡುವುದಾದರೆ ಹೇಳಿದ ಟೈಮಿಗೆ ಬನ್ನಿ, ವೇದಿಕೆಯಲ್ಲಿ ಎರಡು ಕುರ್ಚಿ ಹುಡುಗರಿಗೆ ಬಿಡಿ. ಆ ಫಿಟ್ಟಿಂಗ್ ಈಗ ನನ್ನ ಟೇಬಲ್ ಮೇಲಿದೆ. ಯಾರು ಬೇಕಾದರೂ ಬಂದು ಬಿಚ್ಚಿ ನೋಡಬಹುದು.

— ಒಬ್ಬ ವರ್ಕ್‌ಶಾಪ್ ಮಾಲೀಕ, ಉದ್ಯಮಬಾಗ, ಬೆಳಗಾವಿ