ನಕ್ಷತ್ರಕ್ಕೆ ಹಿತ್ತಲ ಬಿದಿರೇ ಸಾಕು

ಮಾನ್ಯರೆ,

ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ನಕ್ಷತ್ರ, ಪ್ಲಾಸ್ಟಿಕ್ ಮರ ತೂಗಾಡುತ್ತವೆ. ಕೂಲಿ ಮಾಡಿ ಬದುಕುವವರೂ ಮಕ್ಕಳ ಹಟಕ್ಕೆ ಅವನ್ನೇ ಕೊಳ್ಳುತ್ತಾರೆ. ಮಲೆನಾಡಿನಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಬೇಕಾದ ಹೆಚ್ಚಿನದು ಹಿತ್ತಲಲ್ಲೇ ಇದೆ. ಹದಿನೈದು ದಿನ ಮೊದಲೇ ಕೈಹಚ್ಚಬೇಕು, ಅಷ್ಟೆ.

ಮೊದಲು ನಕ್ಷತ್ರ. ಮೂರಡಿ ಉದ್ದದ ಹತ್ತು ಬಿದಿರು ಸೀಳು, ಅರ್ಧ ಅಡಿಯ ಐದು ತುಂಡು, ಸಣಬಿನ ದಾರ, ನಾಲ್ಕು ಹಾಳೆ ಬಣ್ಣದ ತೆಳು ಕಾಗದ ಸಾಕು. ಹಸಿ ಬಿದಿರು ಬೇಡ: ಒಣಗುತ್ತಾ ಸೊರಗಿ ಕಟ್ಟು ಸಡಿಲವಾಗುತ್ತದೆ, ಮೂಲೆ ತಿರುಚಿಕೊಳ್ಳುತ್ತದೆ. ಸೀಳಿ ಎಂಟು ದಿನ ನೆರಳಲ್ಲಿ ಒಣಗಿಸಿ. ಐದು ಸೀಳುಗಳನ್ನು ಒಂದರ ಮೇಲೊಂದು, ಕೆಳಗೊಂದು ಹೆಣೆದಂತೆ ಇಟ್ಟು ಮೊದಲು ತುದಿಗಳನ್ನು ಕಟ್ಟಿ. ಪ್ರತಿ ಸೀಳಿನಲ್ಲೂ ಎರಡೂ ತುದಿಯಿಂದ 35 ಸೆಂ.ಮೀ.ಗೆ ಅಡ್ಡಗಟ್ಟು (ಸೀಳುಗಳು ಒಂದನ್ನೊಂದು ದಾಟುವ ಕಡೆಯ ಕಟ್ಟು) ಬರಬೇಕು. ನಡುವೆ 21–22 ಸೆಂ.ಮೀ. ಉಳಿಯುತ್ತದೆ. ಈ ಅಳತೆ ತಪ್ಪಿದರೆ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ. ಇಂಥದೇ ಇನ್ನೊಂದು ಮಾಡಿ, ಎರಡರ ತುದಿಗಳನ್ನೂ ಸೇರಿಸಿ ಕಟ್ಟಿ, ಒಳಗಿನ ಐದು ಅಡ್ಡಗಟ್ಟುಗಳ ನಡುವೆ ತುಂಡುಗಳನ್ನು ನಿಲ್ಲಿಸಿ. ಹೊಟ್ಟೆ ಉಬ್ಬಿ ನಕ್ಷತ್ರ ಬಿಗಿಯಾಗುತ್ತದೆ.

ಅಂಟಿಗೆ 100 ಗ್ರಾಂ ಮೈದಾವನ್ನು ಅರ್ಧ ಲೀಟರ್ ನೀರಲ್ಲಿ ಗಂಟಾಗದಂತೆ ಕದಡಿ ಸಣ್ಣ ಉರಿಯಲ್ಲಿ ಕಾಸಿ. ಜಿರಲೆ ತಿನ್ನದಂತೆ, ತೋಟಕ್ಕೆ ತಂದ ಮೈಲುತುತ್ತದ ಕಾಲು ಚಮಚ ಪುಡಿಯನ್ನು ಆರಿದ ಮೇಲೆ ಕರಟದಲ್ಲಿ ಬೆರೆಸಿ. ಅದು ವಿಷ, ಅಡುಗೆ ಪಾತ್ರೆಗೆ ಸೋಕಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ನಮ್ಮ ಇಬ್ಬನಿಗೆ ಬಯಲಲ್ಲಿ ತೂಗಿದ ಕಾಗದ ಎರಡೇ ರಾತ್ರಿಗೆ ಜೋಲುತ್ತದೆ. ಜಗಲಿ ಮಾಡಿನಡಿ ತೂಗುಹಾಕಿ, ಇಲ್ಲವೇ ಹಳೆ ಬಿಳಿ ಪಂಚೆಯನ್ನೇ ಅಂಟಿಸಿ. ಒಳಗೆ ಐದು ವಾಟಿನ ಎಲ್‌ಇಡಿ ಸಾಕು. ಹಳೆಯ ತಂತಿ ಬಲ್ಬಿನ ಬಿಸಿಗೆ ಕಾಗದ ಹೊತ್ತಿಕೊಳ್ಳಬಹುದು.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೂ ಖರ್ಚಿಲ್ಲ. 1223ರಲ್ಲಿ ಇಟಲಿಯ ಗ್ರೆಚೊದಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಏರ್ಪಡಿಸಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು, ಕತ್ತೆ. ಈಗ ಕೊಯ್ಲಾದ ಗದ್ದೆಯ ಹೊಸ ಹುಲ್ಲೇ ನಮಗಿದೆ. ಡಿಸೆಂಬರ್ 12ರ ರಾತ್ರಿ ರಾಗಿ ನೆನೆಸಿ, ಮರುದಿನ ಅಡಿಕೆ ಹಾಳೆಯ ತಟ್ಟೆಯಲ್ಲಿ ಒಂದಂಗುಲ ಮಣ್ಣಿಗೆ ಚೆಲ್ಲಿ. ಹಬ್ಬದ ಹೊತ್ತಿಗೆ ಹಸಿರು ಗದ್ದೆ ಸಿದ್ಧ. ಕತ್ತಲಲ್ಲಿಟ್ಟರೆ ಹಳದಿಯಾಗಿ ಬಾಗುತ್ತದೆ, ಬೆಳಕಿಗಿಡಿ. ಹುಲ್ಲಿನ ಹತ್ತಿರ ಮೇಣದಬತ್ತಿ ಮಾತ್ರ ಬೇಡವೇ ಬೇಡ.

ಕುಸ್ವಾರ್‌ನಲ್ಲಿ, ಅಂದರೆ ಕ್ರಿಸ್‌ಮಸ್ ತಿಂಡಿಗಳಲ್ಲಿ, ಅಗ್ಗದ್ದು ಕಿಡಿಯೊ ಎಂಬ ಸಿಹಿ ಸುರುಳಿ. ಅರ್ಧ ಕಿಲೋ ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ಹಾಕಿ ತೆಂಗಿನ ಹಾಲಲ್ಲಿ ಗಟ್ಟಿಯಾಗಿ ಕಲಸಿ, ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ, ಎಣ್ಣೆಯಲ್ಲಿ ಕರಿದು ಪಾಕದಲ್ಲಿ ಹೊರಳಿಸಿ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದು ಮರುದಿನ ಮೆತ್ತಗಾಗುತ್ತದೆ. ಪಾಕಕ್ಕೆ ಜೋನಿಬೆಲ್ಲ ಒಗ್ಗದು, ಅದು ಹರಳುಗಟ್ಟದೆ ಕೈಗಂಟುತ್ತದೆ. ಸಕ್ಕರೆ ಅಥವಾ ಅಚ್ಚುಬೆಲ್ಲವೇ ಆಗಬೇಕು.

ಚರ್ಚ್‌ಗಳು ನಕ್ಷತ್ರ ಸ್ಪರ್ಧೆಯಲ್ಲಿ ಕೈಯಲ್ಲೇ ಮಾಡಿದ್ದಕ್ಕೆ ಮಾತ್ರ ಬಹುಮಾನವಿಡಲಿ, ಧರ್ಮೋಪದೇಶದ ಮಕ್ಕಳಿಗೆ ಒಂದು ಭಾನುವಾರ ಸೀಳು ಕಟ್ಟಲು ಕಲಿಸಲಿ ಎಂಬುದು ನಮ್ಮ ಕಳಕಳಿಯ ಕೋರಿಕೆ. ಶಿಶು ಯೇಸುವನ್ನು ಕಾಣಲು ಬಂದವರ ನೆನಪಿನ, ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಕಾಗದ ಕಿತ್ತು, ಬಿದಿರಿನ ಚೌಕಟ್ಟನ್ನು ಒಲೆಯ ಹೊಗೆ ತಾಗುವ ಅಟ್ಟದಲ್ಲಿಡಿ. ಹುಳು ಹಿಡಿಯದೆ ಮುಂದಿನ ವರ್ಷಕ್ಕೂ ಬರುತ್ತದೆ.

– ಕೆಲವು ಓದುಗರು, ಸಾಗರ