ಟೆಂಡರಿನ ಒಂದೇ ಒಂದು ಸಾಲು ಬದಲಿಸಿ: ತರಗೆಲೆಯ ಬಗ್ಗೆ ನಗರಸಭೆ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಉದ್ಯಾನ ನಿರ್ವಹಣೆಯ ಟೆಂಡರುಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ‘ಉದುರಿದ ಎಲೆಗಳನ್ನು ಪ್ರತಿದಿನ ಗುಡಿಸಿ ಹೊರಗೆ ಸಾಗಿಸತಕ್ಕದ್ದು.’ ಈ ಸಾಲನ್ನು ಬದಲಿಸಿ ಎಂದು ಕೇಳಲೆಂದೇ ಈ ಪತ್ರ. ಮಾದರಿ ಪರ್ಮಾಕಲ್ಚರ್ (ಕಾಡಿನಂತೆ ತನ್ನನ್ನು ತಾನೇ ಪೋಷಿಸಿಕೊಳ್ಳುವ ಕೃಷಿ) ತೋಟ ಬೇಡ. ಸುರುಳಿಯಾಕಾರದ ಪಾತಿ ಕಟ್ಟಿ ಪಕ್ಕದಲ್ಲಿ ಉದ್ಘಾಟನೆಯ ಕಲ್ಲು ನಿಲ್ಲಿಸುವುದೂ ಬೇಡ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದ ಆ ಪದ್ಧತಿಯ ಅರ್ಧ ಪಾಠ, ಮರದಡಿ ಬಿದ್ದ ಎಲೆಯನ್ನು ಅಲ್ಲೇ ಬಿಟ್ಟರೆ ಜಾರಿಗೆ ಬಂದಂತೆಯೇ.

ಷರತ್ತಿನ ಫಲ ನೋಡಿ. ಬರಿ ನೆಲ ಕಂಡರೆ ಮಾತ್ರ ಗುತ್ತಿಗೆದಾರರ ಬಿಲ್ ಪಾಸಾಗುತ್ತದೆ. ಹಾಗಾಗಿ ಪೊರಕೆ ಎಲೆಯ ಜೊತೆ ಮೇಲ್ಮಣ್ಣನ್ನೂ ಕೆರೆದು ಒಯ್ಯುತ್ತದೆ. ಹೊದಿಕೆಯಿಲ್ಲದ ಮಣ್ಣಿಗೆ ಮಳೆಹನಿ ನೇರ ಬಡಿದರೆ ಮಣ್ಣಿನ ಸಣ್ಣ ಉಂಡೆಗಳು ಒಡೆಯುತ್ತವೆ. ಆ ನುಣುಪು ಪುಡಿ ಸಂದುಗಳಲ್ಲಿ ಕೂತು, ಒಣಗಿದಾಗ ಗಾರೆ ಮೆತ್ತಿದಂತೆ ಪದರಗಟ್ಟುತ್ತದೆ. ಮುಂದಿನ ಮಳೆ ಇಂಗದೆ ಚರಂಡಿ ಸೇರುತ್ತದೆ. ಆಮೇಲೆ ಅದೇ ಮರಕ್ಕೆ ಟ್ಯಾಂಕರಿನಲ್ಲಿ ನೀರು, ಚೀಲದಲ್ಲಿ ಗೊಬ್ಬರ. ಎಲೆ ಸಾಗಿಸಲೂ ದುಡ್ಡು, ಎಲೆಯಲ್ಲಿ ಇದ್ದದ್ದನ್ನು ವಾಪಸು ತರಲೂ ದುಡ್ಡು.

ಲಾರಿ ಬಾರದ ದಿನ ಮೂಲೆಯಲ್ಲಿ ಬೆಂಕಿ ಬೀಳುತ್ತದೆ. ಹಸಿ ಬೆರೆತ ಎಲೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳೂ ಕಾರ್ಬನ್ ಮೊನಾಕ್ಸೈಡೂ ಇರುತ್ತವೆ. ಎಲೆಯ ಸಾರಜನಕದ ಬಹುಪಾಲು ಗಾಳಿಪಾಲು. ಬೂದಿಯಲ್ಲಿ ಉಳಿದ ಪೊಟ್ಯಾಶ್ ಮೊದಲ ಮಳೆಗೇ ತೊಳೆದುಹೋಗುತ್ತದೆ.

ಹಾಗೆಂದು ಎಲ್ಲ ಎಲೆಯನ್ನೂ ಬಿದ್ದಲ್ಲೇ ಬಿಡಿ ಎಂದು ಹೇಳುವುದು ತಪ್ಪು. ರಸ್ತೆಯ ಎಲೆ ಬೇರೆ, ಮರದಡಿಯ ಎಲೆ ಬೇರೆ. ಡಾಂಬರಿನ ಮೇಲೆ ನೆನೆದ ಎಲೆಯಿಂದ ರಂಜಕ ಕರಗಿ, ಮಳೆನೀರಿನ ಚರಂಡಿಯ ಮೂಲಕ ಕೆರೆಗೆ ಹೋಗಿ ಪಾಚಿ ಬೆಳೆಸುತ್ತದೆ. ರಸ್ತೆಯಂಚಿನ ಎಲೆಯನ್ನು ಮಳೆಗೆ ಮುಂಚೆಯೇ ಎತ್ತಬೇಕು. ಟೈರಿನ ಪುಡಿ, ಗಾಜು, ಪ್ಲಾಸ್ಟಿಕ್ ಬೆರೆತಿರುವುದರಿಂದ ಅದರ ಗೊಬ್ಬರ ತರಕಾರಿಗೆ ಬೇಡ. ಅಲಂಕಾರಿಕ ಗಿಡಗಳಿಗೆ ಸಾಕು.

ಮರದಡಿಯ ಎಲೆಗೆ ಕೆಲಸ ಕಡಿಮೆ. ಹೊದಿಕೆ 5ರಿಂದ 10 ಸೆಂ.ಮೀ. ದಪ್ಪವಿದ್ದು, ಕಾಂಡದಿಂದ 15 ಸೆಂ.ಮೀ. ದೂರ ನಿಲ್ಲಬೇಕು. ತಪ್ಪಾಗುವುದು ಇಲ್ಲೇ. ಉತ್ಸಾಹದಲ್ಲಿ ಬುಡಕ್ಕೆ ಗೋಪುರದಂತೆ ಎಲೆ ಪೇರಿಸುತ್ತಾರೆ. ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ, ಇಲಿ ಗೂಡು ಮಾಡುತ್ತದೆ. ಇನ್ನೊಂದು ತಪ್ಪು ಹೊದಿಕೆಯನ್ನು ಕೆದಕಿ ನೋಡಿದರೇ ಗೊತ್ತಾಗುವಂಥದ್ದು. ಅಗಲ ಎಲೆಗಳು ಒದ್ದೆಯಾದಾಗ ಒಂದರ ಮೇಲೊಂದು ಅಂಟಿ, ಹೆಂಚು ಹೊದಿಸಿದಂತಾಗುತ್ತವೆ. ಮೇಲೆ ತೇವ, ಕೆಳಗೆ ಧೂಳು. ಎರಡು ಹಿಡಿ ಸಣ್ಣ ಕಡ್ಡಿ ಬೆರೆಸಿದರೆ, ಇಲ್ಲವೇ ಹುಲ್ಲು ಕತ್ತರಿಸುವ ಯಂತ್ರವನ್ನು ಎಲೆಯ ಮೇಲೆ ಒಮ್ಮೆ ಓಡಿಸಿದರೆ ಈ ತೊಂದರೆ ಇಲ್ಲ. ಹುಲ್ಲುಹಾಸಿನ ಮೇಲಿನ ಎಲೆಗೂ ಅದೇ ಯಂತ್ರ ಸಾಕು: ಓಡಿಸಿದ ಮೇಲೆ ಹುಲ್ಲಿನ ಅರ್ಧದಷ್ಟಾದರೂ ಕಾಣುತ್ತಿರಬೇಕು, ಪೂರ್ತಿ ಮುಚ್ಚಿದರೆ ಹುಲ್ಲು ಬಿಳಿಚಿ ಸಾಯುತ್ತದೆ. ಒಣ ಎಲೆಯನ್ನು ಅಗೆದು ಮಣ್ಣಿಗೆ ಬೆರೆಸುವುದು ಮಾತ್ರ ಬೇಡ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡಗಳು ಹಳದಿಯಾಗುತ್ತವೆ.

ಹೆಚ್ಚಾಗಿ ಉಳಿದ ಎಲೆಗೆ ಎರಡು ದಾರಿ.

ಮೊದಲನೆಯದು ಜಾಲರಿ ಪಂಜರ. 1.2 ಮೀಟರ್ ಎತ್ತರದ ತಂತಿ ಜಾಲರಿಯನ್ನು 3.3 ಮೀಟರ್ ಉದ್ದ ಕತ್ತರಿಸಿ ಸುತ್ತಿ ಬಿಗಿದರೆ ಸುಮಾರು ಒಂದು ಮೀಟರ್ ಅಗಲದ ಪಂಜರ. ಎಲೆ ತುಂಬುವುದು, ತುಳಿಯುವುದು, ನೀರು ಹಾಕುವುದು, ಅಷ್ಟೇ. ನೀರು ಎಷ್ಟು ಎಂಬಲ್ಲೇ ಎಲ್ಲರೂ ಸೋಲುತ್ತಾರೆ. ಒಣ ಎಲೆಯಲ್ಲಿ ತೇವ ಸುಮಾರು 10 ಶೇಕಡಾ. ಬೇಕಾದದ್ದು 50ರಿಂದ 60. ಲೆಕ್ಕ ಹಾಕಿದರೆ 100 ಕೆ.ಜಿ. ಎಲೆಗೆ ಹತ್ತಿರ ಹತ್ತಿರ 100 ಲೀಟರ್ ನೀರು. ಮೇಲಿನಿಂದ ಪೈಪ್ ಹಿಡಿದರೆ ಎಲೆಯ ಮೇಣದ ಪದರದಿಂದ ನೀರು ಜಾರಿ ಹೊರಗೆ ಹರಿಯುತ್ತದೆ, ಒಳಗೆ ಎಲೆ ಗರಿಗರಿ. 20 ಸೆಂ.ಮೀ.ಗೊಂದು ಪದರದಂತೆ ನೆನೆಸುತ್ತಾ ತುಂಬಬೇಕು. ಇದು ಶಿಲೀಂಧ್ರಗಳ ಕೆಲಸ, ಅವಸರ ಮಾಡಿದರೆ ಆಗದು: ಇಡೀ ಎಲೆಗೆ ಒಂದರಿಂದ ಎರಡು ವರ್ಷ, ಚೂರು ಮಾಡಿದ ಎಲೆಗೆ ಆರೆಂಟು ತಿಂಗಳು. ಮಾಗಿದ ಗೊಬ್ಬರ ಕಪ್ಪಗಿದ್ದು, ಕಾಡಿನ ಮಣ್ಣಿನ ವಾಸನೆ ಬರುತ್ತದೆ.

ಎರಡನೆಯದು ಬಿಸಿ ರಾಶಿ, ಅಂದರೆ ಸೂಕ್ಷ್ಮಜೀವಿಗಳ ಕೆಲಸದಿಂದ ತಾನಾಗಿ ಬಿಸಿಯೇರುವ ಗೊಬ್ಬರದ ರಾಶಿ. ಉದ್ಯಾನದಲ್ಲೇ ಕತ್ತರಿಸಿದ ಹಸಿ ಹುಲ್ಲು ಸಿಗುವ ಕಡೆ ಇದು ಒಳ್ಳೆಯದು. ಎಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ 60 ಪಾಲಿನಷ್ಟು ಇಂಗಾಲ ಇರುತ್ತದೆ, ಹಸಿ ಹುಲ್ಲಿನಲ್ಲಿ 15ರಿಂದ 20. ರಾಶಿಗೆ ಬೇಕಾದದ್ದು 25ರಿಂದ 30. ಎರಡು ಬುಟ್ಟಿ ಎಲೆಗೆ ಒಂದು ಬುಟ್ಟಿ ಹುಲ್ಲು ಎಂದು ಆರಂಭಿಸಿ. ಹುಲ್ಲು ತನ್ನ ನೀರನ್ನೂ ತರುವುದರಿಂದ ಪೈಪ್ ಹಿಡಿಯುವ ಮುನ್ನ ಹದ ನೋಡಬೇಕು: ಒಂದು ಹಿಡಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಇಣುಕಬೇಕು, ಧಾರೆ ಬೀಳಬಾರದು. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್‌ಗಿಂತ ಕಡಿಮೆಯಾದರೆ ಶಾಖ ನಿಲ್ಲದು. ಎತ್ತರ ಎರಡು ಮೀಟರ್ ಮೀರಿದರೆ ಕೆಳಗೆ ಗಾಳಿಯಾಡದು.

ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಿರಿ. ತುದಿ ಹಿಡಿಯಲಾಗದಷ್ಟು ಸುಟ್ಟರೆ 55 ಡಿಗ್ರಿಯ ಆಸುಪಾಸು, ಕಳೆ ಬೀಜ ಸಾಯುವ ಶಾಖ. ಕೋಲು ಥರ್ಮಾಮೀಟರ್ 65 ದಾಟಿ ತೋರಿಸಿದರೆ ಅಂದೇ ಮಗುಚಬೇಕು, ಇಲ್ಲವಾದರೆ ಕೆಲಸ ಮಾಡುವ ಜೀವಿಗಳೇ ಸಾಯುತ್ತವೆ. ಅಮೋನಿಯಾ ಮೂಗಿಗೆ ಹೊಡೆದರೆ ಹುಲ್ಲು ಹೆಚ್ಚಾಗಿದೆ, ಎಲೆ ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಮಗುಚಿ ಕಡ್ಡಿ ಬೆರೆಸಿ. ಬಿಸಿಯೇ ಏರದಿದ್ದರೆ ಬಹುಮಟ್ಟಿಗೆ ನೀರಿನ ಕೊರತೆ.

ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ರಾಶಿಗೆ ಹಾಕಲೇಬಾರದು. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್‌ನಂಥವು ಬಿಸಿ ರಾಶಿಯಲ್ಲೂ ಉಳಿದು, ಮುಂದೆ ಅದೇ ಗೊಬ್ಬರದಿಂದ ತರಕಾರಿ ಗಿಡಗಳನ್ನು ಹಾಳುಮಾಡುತ್ತವೆ. ಗೊಬ್ಬರ ಹಂಚುವ ಮುನ್ನ ಮೂರು ಕುಂಡದಲ್ಲಿ ಗೊಬ್ಬರ ಬೆರೆತ ಮಣ್ಣು, ಮೂರರಲ್ಲಿ ಬರಿ ಮಣ್ಣು ತುಂಬಿ ಹುರುಳಿಕಾಯಿ ಬೀಜ ಬಿತ್ತಿಸಿ. ಎರಡು ಮೂರು ವಾರದಲ್ಲಿ ಗೊಬ್ಬರದ ಕುಂಡದ ಎಲೆಗಳಷ್ಟೇ ಬಟ್ಟಲಿನಂತೆ ಮುದುಡಿದರೆ ಆ ರಾಶಿ ಹೊರಗೆ ಹೋಗಬಾರದು.

ದೂರುಗಳು ಬರುತ್ತವೆ, ಖಂಡಿತ. ಬೆಂಕಿಯ ಭಯ ನ್ಯಾಯವಾದದ್ದು: ಒಣ ಕಾಲದಲ್ಲಿ ಕಾಲುದಾರಿಯ ಎರಡೂ ಬದಿ ಒಂದು ಮೀಟರ್ ಎಲೆ ಇರಬಾರದು, ಕಟ್ಟಡ ಮತ್ತು ವಿದ್ಯುತ್ ಪೆಟ್ಟಿಗೆಗಳ ಹತ್ತಿರವಂತೂ ಇರಲೇಬಾರದು. ಹಾವು ಬರುತ್ತದೆ ಎನ್ನುವವರಿಗೂ ಅದೇ ಉತ್ತರ, ದಾರಿಯಂಚು ತೆರೆದಿರಲಿ. ‘ಗಲೀಜಾಗಿ ಕಾಣುತ್ತದೆ’ ಎನ್ನುವವರಿಗೆ ಹೊದಿಕೆಯ ಸುತ್ತ ಒಂದು ಸಾಲು ಕಲ್ಲು ಇಟ್ಟುಬಿಡಿ; ಬೇಕೆಂದೇ ಮಾಡಿದ್ದು ಎಂದು ಗೊತ್ತಾದ ಕೂಡಲೇ ಅರ್ಧ ದೂರು ನಿಲ್ಲುತ್ತದೆ.

ಹೊಸ ಷರತ್ತು ಹೀಗಿರಲಿ: ‘ದಾರಿ, ಚರಂಡಿ, ಆಟದ ಅಂಗಳದ ಎಲೆಗಳನ್ನು ತೆಗೆಯತಕ್ಕದ್ದು, ಮರದಡಿ 5ರಿಂದ 10 ಸೆಂ.ಮೀ. ಎಲೆ ಹೊದಿಕೆಯನ್ನು ಕಾಯ್ದುಕೊಳ್ಳತಕ್ಕದ್ದು, ಉಳಿದದ್ದನ್ನು ಉದ್ಯಾನದೊಳಗೇ ಗೊಬ್ಬರ ಮಾಡತಕ್ಕದ್ದು, ಸುಡತಕ್ಕದ್ದಲ್ಲ.’ ಸಾಗಿಸಿದ ಟನ್ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಇದ್ದರೆ ಅದನ್ನೂ ಕೈಬಿಡಿ. ಅದು ಇರುವ ತನಕ ಹೊಸ ಸಾಲಿಗೆ ಬೆಲೆಯಿಲ್ಲ. ಮಗುಚುವ ಕೂಲಿಯನ್ನು ಪ್ರತ್ಯೇಕ ಬಾಬತ್ತಾಗಿ ತೋರಿಸಿ, ಪೌರಕಾರ್ಮಿಕರ ತಲೆಗೆ ಬಿಟ್ಟಿಯಾಗಿ ಹೊರಿಸಬೇಡಿ.

ಟೆಂಡರ್ ಕರೆಯುವ ಮುನ್ನ ನಿಮ್ಮ ಎಂಜಿನಿಯರರಿಂದ ಒಂದು ಪರೀಕ್ಷೆ ಮಾಡಿಸಿ. 15 ಸೆಂ.ಮೀ. ವ್ಯಾಸದ ಪೈಪಿನ ತುಂಡೊಂದನ್ನು ಗುಡಿಸಿದ ನೆಲದಲ್ಲಿ 5 ಸೆಂ.ಮೀ. ಇಳಿಸಿ 440 ಮಿ.ಲೀ. ನೀರು ಸುರಿಯಲಿ, ಅದು 2.5 ಸೆಂ.ಮೀ. ಮಳೆಗೆ ಸಮ. ಇಂಗಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಲಿ. ಪೊರಕೆ ತಲುಪದ ಪೊದೆಯಡಿ ಎಲೆ ಸರಿಸಿ, ಅದೇ ತುಂಡು, ಅಷ್ಟೇ ನೀರು. ಗಡಿಯಾರವನ್ನು ತಾವೇ ಹಿಡಿದು ನಿಂತರೆ ಇನ್ನೂ ಒಳ್ಳೆಯದು.

ಇತಿ,
ಮಣ್ಣು, ಗೊಬ್ಬರದ ಕೆಲಸದಲ್ಲಿರುವ ನಾಗರಿಕರು